ಮಸೀದಿ ಕಮಿಟಿಗೆ ಲೈಂಗಿಕ ಕಿರುಕುಳದ ದೂರು ಬಂದರೆ ಏನು ಮಾಡಬೇಕು?

"ಸುಮ್ನೆ ಇರಮ್ಮ, ಮನೆ ಮರ್ಯಾದೆ ಹೋಗುತ್ತೆ." ಹೆಣ್ಣುಮಗಳು ದೂರು ತಂದಾಗ ಜಮಾಅತ್‌ನ (ಮಸೀದಿಗೆ ಸೇರಿದ ಸಮುದಾಯದ) ಹಿರಿಯರ ಬಾಯಲ್ಲಿ ಥಟ್ಟನೆ ಬರುವ ಮಾತಿದು. ಧರ್ಮವೂ ಇದನ್ನೇ ಹೇಳುತ್ತದೆ ಅಂದುಕೊಂಡವರು ಜಾಸ್ತಿ. ಆದರೆ ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ ಎನ್ನುವ ಕುರ್‌ಆನ್ ವಚನವೇ (4:148) ಅನ್ಯಾಯಕ್ಕೆ ಒಳಗಾದವರನ್ನು ಅದರಿಂದ ಹೊರಗಿಟ್ಟಿದೆ.

ಹಾಗಾಗಿ ಮೊದಲು ಅವಳ ಮಾತು ಕೇಳಿ. ಇಡೀ ಕಮಿಟಿಯ ಗಂಡಸರ ಮುಂದೆ ನಿಲ್ಲಿಸಿ ಅಲ್ಲ. ಅವಳು ನಂಬುವ ಹೆಂಗಸೊಬ್ಬರು ಜೊತೆಗಿರಲಿ. ಒಂದೇ ಸಲ ಕೇಳಿ, ಬಂದವರಿಗೆಲ್ಲ ಮತ್ತೆ ಮತ್ತೆ ಹೇಳಿಸಬೇಡಿ.

ಆಮೇಲೆ ಯಾರಾದರೂ "ನಾಲ್ಕು ಸಾಕ್ಷಿ ಎಲ್ಲಿ?" ಅಂತ ಕೇಳಿಯೇ ಕೇಳುತ್ತಾರೆ. ಕುರ್‌ಆನಿನ 24ನೇ ಅಧ್ಯಾಯದ 4ನೇ ವಚನ ತೆಗೆದು ತೋರಿಸಿ. ಅಲ್ಲಿ ನಾಲ್ಕು ಸಾಕ್ಷಿ ತರಬೇಕಾದವರು ಶೀಲವಂತ ಹೆಣ್ಣಿನ ಮೇಲೆ ಅಪವಾದ ಹೊರಿಸುವವರು, ತರದಿದ್ದರೆ ಅವರಿಗೇ 80 ಛಡಿ ಏಟು. ಹೆಣ್ಣಿನ ಮಾನ ಕಾಯಲು ಬಂದ ನಿಯಮದಿಂದಲೇ ಅವಳ ಬಾಯಿ ಮುಚ್ಚಿಸುವುದು ಯಾವ ನ್ಯಾಯ? ಪಾಕಿಸ್ತಾನದ 1979ರ ಹುದೂದ್ (ಧರ್ಮದ ಹೆಸರಿನ ದಂಡನೆ) ಕಾನೂನಿನಡಿ ಅತ್ಯಾಚಾರದ ದೂರು ಕೊಟ್ಟವರೇ ವ್ಯಭಿಚಾರದ ಕೇಸಿನಲ್ಲಿ ಸಿಕ್ಕಿಕೊಂಡಿದ್ದರು, 2006ರಲ್ಲಿ ಅದನ್ನು ತಿದ್ದಬೇಕಾಯಿತು.

ಅಬೂದಾವೂದ್ ಸಂಗ್ರಹದಲ್ಲಿ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದೆ. ನಮಾಝ್‌ಗೆ ಹೊರಟ ಮಹಿಳೆಯ ಮೇಲೆ ದಾರಿಯಲ್ಲಿ ಅತ್ಯಾಚಾರವಾಗುತ್ತದೆ. ಗಾಬರಿಯಲ್ಲಿ ಆಕೆ ಬೇರೆ ಯಾರನ್ನೋ ತೋರಿಸುತ್ತಾಳೆ, ಕೊನೆಗೆ ನಿಜವಾದ ಅಪರಾಧಿ ತಾನೇ ಎದ್ದು ಒಪ್ಪಿಕೊಳ್ಳುತ್ತಾನೆ. ಆದರೂ ಪ್ರವಾದಿಯವರು ಆಕೆಯನ್ನು ಶಿಕ್ಷಿಸಲಿಲ್ಲ, ಅಲ್ಲಾಹ ನಿನ್ನನ್ನು ಕ್ಷಮಿಸಿದ್ದಾನೆ ಎಂದು ಕಳಿಸಿದರು. ದಿನ, ಹೊತ್ತು ಹೇಳುವಾಗ ಹುಡುಗಿ ಸ್ವಲ್ಪ ತಡವರಿಸಿದರೆ "ಸುಳ್ಳು" ಅಂತ ತೀರ್ಪು ಕೊಡುವವರು ಇದನ್ನು ಓದಬೇಕು.

ಹೆಸರು ಹೊರಗೆ ಹೋಗಬಾರದು. ವಾಟ್ಸಾಪ್ ಗ್ರೂಪಿನಲ್ಲಿ "ಮದರಸಾ ಹಿಂದಿನ ಮನೆಯವಳು" ಅಂತ ಹಾಕಿದರೂ ಸಾಕು, ಊರಿಗೇ ಗೊತ್ತಾಗುತ್ತದೆ ಅಲ್ವಾ? ನಡಾವಳಿ ಪುಸ್ತಕದಲ್ಲೂ ಬರೆಯಬೇಡಿ. ಪರರ ಗುಟ್ಟು ಕೆದಕುವುದನ್ನು, ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಕುರ್‌ಆನ್ (49:12) ತಡೆಯುತ್ತದೆ. ಅತ್ಯಾಚಾರ ಪ್ರಕರಣದಲ್ಲಿ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲು.

"ಅವನಿಗೇ ಕೊಟ್ಟು ನಿಕಾಹ್ ಮಾಡಿಸೋಣ" ಎನ್ನುವ ರಾಜಿ ಬೇಡವೇ ಬೇಡ.

ಪೊಲೀಸ್ ದೂರಿಗೆ ಅಡ್ಡ ನಿಲ್ಲಬೇಡಿ, ಇದು ಕಮಿಟಿಯಲ್ಲೇ ಮುಗಿಸುವ ವಿಷಯವಲ್ಲ. ಅವಳಿಗೆ 18 ತುಂಬಿಲ್ಲದಿದ್ದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ) ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಕೆಲಸದ ಜಾಗದಲ್ಲಿ ಆಗಿದ್ದರೆ ಅಲ್ಲಿನ ಆಂತರಿಕ ಸಮಿತಿಗೆ 3 ತಿಂಗಳೊಳಗೆ ಬರೆದುಕೊಡಬೇಕು. ಅವನು ಕಳಿಸಿದ ಮೆಸೇಜುಗಳನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡದಂತೆ ಅವಳಿಗೆ ಮೊದಲೇ ಹೇಳಿ.