ಲಿಗ್ನಿನ್ ತೆಗೆದ ಮೇಲೆ ಉಳಿಯೋ ಬ್ಲ್ಯಾಕ್ ಲಿಕ್ಕರ್: ನನ್ನ ಅನುಭವ

"ತಮ್ಮಾ, ಲಿಗ್ನಿನ್ ತೆಗೆದ್ರೆ ಆ ಲಿಕ್ಕರ್ ಬಾಯ್ಲರ್‌ನಲ್ಲಿ ಉರಿಯಂಗಿಲ್ಲ, ಸುಮ್ನೆ ದುಡ್ಡು ಹಾಳು ಮಾಡ್ಕೋಬ್ಯಾಡ" ಅಂದಿದ್ರು, ಪೇಪರ್ ಮಿಲ್‌ನ ರಿಕವರಿ ಸೆಕ್ಷನ್‌ನಲ್ಲಿ, ಅಂದ್ರೆ ಬ್ಲ್ಯಾಕ್ ಲಿಕ್ಕರ್ ಉರಿಸಿ ಹಬೆ, ಕೆಮಿಕಲ್ ವಾಪಸ್ ತೆಗೆಯೋ ಕಡೆ, ನನಗೆ ಕೆಲಸ ಕಲಿಸಿದ ಹಿರಿಯರು. ಬ್ಲ್ಯಾಕ್ ಲಿಕ್ಕರ್ ಅಂದ್ರೆ ಮರ ಬೇಯಿಸಿ ಪಲ್ಪ್ ತೆಗೆದ ಮೇಲೆ ಉಳಿಯೋ ಕಪ್ಪು ನೀರು; ಲಿಗ್ನಿನ್ ಅಂದ್ರೆ ಮರದ ನಾರನ್ನ ಹಿಡಿದಿಡೋ ಅಂಟು, ಅದು ಆ ನೀರಲ್ಲಿ ಕರಗಿರ್ತೈತೆ. ಅವರು ಹೇಳಿದ್ದು ಅರ್ಧ ಸರಿ. ಉಳಿದ ಅರ್ಧ ತಿಳ್ಕೊಳ್ಳೋಕೆ ನನಗೆ ಒಂದೂವರೆ ವರ್ಷ ಹಿಡೀತು, ಹತ್ರ ಹತ್ರ 2 ಲಕ್ಷ 80 ಸಾವಿರ ಕೈಬಿಡ್ತು.

ದಾವಣಗೆರೆ ಕರೂರು ಕಡೆ ಬಾಡಿಗೆ ಶೆಡ್, ಹೊರಜಿಲ್ಲೆಯ ಸಣ್ಣ ಮಿಲ್ಲಿಂದ ನೀಲಗಿರಿ ಮರದ ಕ್ರಾಫ್ಟ್ ಲಿಕ್ಕರ್ (ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಹಾಕಿ ಬೇಯಿಸಿದ್ದು), ಸಾಂದ್ರತೆ ಅಳತೇಲಿ 35 ಟ್ವಾಡಲ್ ಆಸುಪಾಸು ಅಂದ್ರೆ ಸುಮಾರು 30 ಪರ್ಸೆಂಟ್ ಸಾಲಿಡ್ಸ್, ನೀರು ಬಿಟ್ಟು ಉಳಿಯೋ ಒಣ ಪದಾರ್ಥ. ಲಿಗ್ನಿನ್ ಬೇರೆ ಮಾಡೋಕೆ ಮೊದ್ಲು, ದುಡ್ಡುಳಿಸೋಕೆ ಹೋಗಿ, ನೇರ ಸಲ್ಫ್ಯೂರಿಕ್ ಆಸಿಡ್ ಬಿಟ್ಟೆ. ರಾಗಿ ಮುದ್ದೆ ಥರ ಗಟ್ಟಿಯಾಗಿ ಕೂತ್ಕೊಳ್ತು, ಮೇಲಿಂದ ಕೊಳೆತ ಮೊಟ್ಟೆ ವಾಸನೆ. ಆ ಹೈಡ್ರೋಜನ್ ಸಲ್ಫೈಡ್ ಜೊತೆ ಹುಡುಗಾಟ ಬೇಡ್ರಿ, ಜಾಸ್ತಿಯಾದ್ರೆ ಮೂಗೇ ಸತ್ತೋಗಿ ವಾಸನೆ ನಿಂತೋಯ್ತು ಅನ್ಸುತ್ತೆ, ಜೀವ ಹೋಗೋದು ಅಲ್ಲೇ. ಅವತ್ತು ಹೊರಗೆ ಓಡಿ ಬಂದೋನು ಮರುದಿನವೇ ಗ್ಯಾಸ್ ಮೀಟರ್ ತಂದು ಎಕ್ಸಾಸ್ಟ್ ಹಾಕ್ಸಿದೆ.

ಆಮೇಲೆ ಕಾರ್ಬನ್ ಡೈಆಕ್ಸೈಡ್, 30 ಕೆಜಿ ಸಿಲಿಂಡರ್ ಆಗ 1,200 ರೂಪಾಯಿ ಇತ್ತೇನೋ. ಪಿಹೆಚ್ 10ಕ್ಕೆ ಇಳಿಸಿದ್ರೆ ಕರಗಿದ್ದ ಲಿಗ್ನಿನ್ ಬೇರೆಯಾಗಿ ಕೆಳಗೆ ಬೀಳ್ತೈತೆ. ಆದ್ರೆ ಬಿಸಿ 85 ಡಿಗ್ರಿ ದಾಟಿದ ದಿನ ಅದು ಡಾಂಬರಾಗಿ ಸ್ಟಿರರ್‌ಗೆ ಅಂಟಿ ಉಳಿ ಹಿಡ್ಕೊಂಡು ಕೆತ್ತಬೇಕಾಯ್ತು, 50ಕ್ಕೆ ಇಳಿಸಿದ್ರೆ ಲೋಳೆಯಾಗಿ ಫಿಲ್ಟರ್ ಪ್ರೆಸ್ ಬಟ್ಟೆ ಕಟ್ಕೊಳ್ತು, ಹಂಗೇ ನಾಲ್ಕು ಸೆಟ್ ಬಟ್ಟೆ ಹೋದ್ವು. 70ರ ಹತ್ರ ಹಿಡಿದು ಸ್ವಲ್ಪ ಹೊತ್ತು ನಿಧಾನಕ್ಕೆ ತಿರುಗಿಸ್ತಾ ಬಿಟ್ಟ ಮೇಲೆ ಕಾಳು ಕಟ್ತು. ಎಷ್ಟು ಹೊತ್ತು, ನೊರೆಗೆ ಏನ್ ಹಾಕಿದೆ ಅನ್ನೋದು ನನ್ನತ್ರನೇ ಇರ್ಲಿ. ಈಗ 200 ಲೀಟರ್ ಬ್ಯಾರಲ್‌ಗೆ 14 ಕೆಜಿ ಒಣ ಲಿಗ್ನಿನ್ ಬರ್ತೈತೆ.

ಎಲ್ಲರೂ ಬಂದು ಆ ಕಂದು ಪುಡಿ ಮುಟ್ಟಿ ನೋಡ್ತಾರೆ. ನನಗೆ ಬೇಕಿದ್ದಿದ್ದು ಕೆಳಗೆ ಉಳಿದ ಲಿಕ್ಕರ್. ಅದನ್ನ 60 ಪರ್ಸೆಂಟ್ ಸಾಲಿಡ್ಸ್ ಆಗೋವರೆಗೆ ಕಾಯ್ಸಿ ಪೇಂಟ್‌ನವರ ಬಿ4 ಕಪ್‌ನಲ್ಲಿ ಇಳಿಸಿದೆ; ತಳದಲ್ಲಿ ತೂತಿರೋ ಕಪ್ ಅದು, ಎಷ್ಟು ಬೇಗ ಖಾಲಿಯಾದ್ರೆ ದ್ರವ ಅಷ್ಟು ತೆಳು. ಮೂಲ ಲಿಕ್ಕರ್ ಅದೇ ಬಿಸೀಲಿ 90 ಸೆಕೆಂಡ್ ತಗೊಂಡಿತ್ತು, ಇದು 50ಕ್ಕೇ ಖಾಲಿ, ದಾರ ಹರಿಯದಂಗೆ ಸುರೀತು. ನೋಡ್ತಿದ್ದ ಹುಡುಗ ಇನ್ನೊಂದ್ಸಲ ಮಾಡಿ ಸಾರ್ ಅಂದ, ಮೂರು ಸಲ ಮಾಡಿದ್ವಿ, ಅದೇ ಲೆಕ್ಕ. ಆದ್ರೆ ಉಪ್ಪಿನ ಪಾಲು ಜಾಸ್ತಿಯಾಗಿ ಕುದಿಯೋ ಬಿಸಿ ಒಂದೆರಡು ಡಿಗ್ರಿ ಮೇಲೆ ಹೋಯ್ತು, ಕಾರ್ಬೊನೇಟ್ ಏರಿದ್ರಿಂದ ಪಾತ್ರೆ ತಳದಲ್ಲಿ ಬಿಳಿ ಹಕ್ಕಳೆ ಬೇಗ ಕಟ್ತು. ಉರಿಯೋ ಶಕ್ತಿ ಒಣ ಸಾಲಿಡ್ಸ್ ಕೆಜಿಗೆ 3,300 ಕಿಲೋ ಕ್ಯಾಲೊರಿ ಇದ್ದದ್ದು 2,600ಕ್ಕೆ ಬಿತ್ತು. ಹಿರಿಯರು ಹೇಳಿದ್ದ ಅರ್ಧ ಇದು.

ಎಲ್ಲಾ ಲಿಕ್ಕರ್‌ನಿಂದ ಯಾಕೆ ತೆಗೀಬೇಕು? ಕಾಲುಭಾಗದಿಂದ ಮಾತ್ರ ತೆಗೆದು ಉಳಿದ ಮುಕ್ಕಾಲಿಗೆ ವಾಪಸ್ ಬೆರೆಸಿದೆ. 3,150ರ ಹತ್ರ ನಿಂತ್ಕೊಳ್ತು, ಪಿಹೆಚ್ 12 ಮೇಲೇ ಇತ್ತು, ಹಂಗಾಗಿ ಕಾಯ್ಸುವಾಗ ಮತ್ತೆ ಲಿಗ್ನಿನ್ ಬೀಳಲಿಲ್ಲ. ಲಿಗ್ನಿನ್ ಕಮ್ಮಿಯಾದಷ್ಟು ಬಾಯ್ಲರ್ ಮೇಲಿನ ಬಿಸಿಯ ಹೊರೆ ಇಳೀತೈತೆ; ಬಾಯ್ಲರ್ ಲೋಡ್ ತುಂಬಿಹೋಗಿ ಪಲ್ಪ್ ಜಾಸ್ತಿ ಮಾಡೋಕಾಗದೆ ಕೂತಿರೋ ಮಿಲ್‌ಗೆ ಇದು ಎಷ್ಟು ದೊಡ್ಡ ಮಾತು ಅಂತ ಆ ಕೆಲಸ ಮಾಡಿದವರಿಗೇ ಗೊತ್ತು. ಲಿಗ್ನಿನ್ ಪುಡೀನ ಸಲ್ಫ್ಯೂರಿಕ್ ಆಸಿಡ್ ಹಾಕಿ ತೊಳೆದ ನೀರು ಮಾತ್ರ ಪೂರ್ತಿ ವಾಪಸ್ ಬಿಡಬ್ಯಾಡ್ರಿ, ಸಲ್ಫರ್ ಏರ್ತಾ ಹೋಗ್ತೈತೆ.

ಮಧ್ಯೆ ಆ ಪುಡೀನ ಭತ್ತದ ಹೊಟ್ಟಿಗೆ ಕಲಸಿ ಬ್ರಿಕೆಟ್ ಒತ್ತಿದೆ, ಕಲ್ಲಿನಂಗೆ ಗಟ್ಟಿ. ಮಂಡಕ್ಕಿ ಭಟ್ಟಿಯವರೊಬ್ರಿಗೆ ಒಂದು ಚೀಲ ಕೊಟ್ಟೆ, ಉರಿ ಚೆನ್ನಾಗೈತೆ ಆದ್ರೆ ಗಂಧಕದ ವಾಸನೆ ಮಂಡಕ್ಕಿಗೆ ಹತ್ತಿದ್ರೆ ಯಾರ್ ತಗೋತಾರೆ ಅಂತ ವಾಪಸ್ ಕೊಟ್ರು. ಅದು ಅಲ್ಲಿಗೇ ಬಿಟ್ಟೆ. ಹೋದ ತಿಂಗಳು ಹಿರಿಯರು ಶೆಡ್‌ಗೆ ಬಂದಿದ್ರು, ಬೆರೆಸಿದ ಲಿಕ್ಕರ್ ತಾವೇ ಕಪ್‌ಗೆ ತುಂಬಿ ಸ್ಟಾಪ್‌ವಾಚ್ ಒತ್ತಿದ್ರು, ಹೋಗುವಾಗ ಒಂದು ಬಾಟಲಿ ಸ್ಯಾಂಪಲ್ ಕೇಳಿ ತಗೊಂಡು ಹೋದ್ರು.