ನಲ್ಲಿಯ ಹನಿಯಲ್ಲಿ ಕಾಂತಗೋಳ ನೋಡುವ ಬಗೆ

ರಾತ್ರಿ ಮನೆ ಸದ್ದಡಗಿದ ಮೇಲೆ ನಲ್ಲಿ ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕಿ, ಹನಿ ಬೀಳುವಷ್ಟೇ ತಿರುಗಿಸಿ. ಟಪ್ ಟಪ್ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹನಿಗಳ ನಡುವಿನ ಅಂತರ ಬರೆದುಕೊಳ್ಳಿ. ಪ್ರತಿ ಅಂತರವನ್ನೂ ಅದರ ಮುಂದಿನದರ ಎದುರು ಗ್ರಾಫ್ ಹಾಳೆಯಲ್ಲಿ ಚುಕ್ಕಿಯಾಗಿಡಿ. ನಿಧಾನವಿದ್ದಾಗ ಚುಕ್ಕಿಗಳು ಒಂದೇ ಕಡೆ ಗುಂಪುಗೂಡುತ್ತವೆ. ಕೂದಲೆಳೆಯಷ್ಟು ಸಡಿಲಿಸಿ: ನನಗೆ ಮೂರನೇ ರಾತ್ರಿ ಉದ್ದ-ಗಿಡ್ಡ ಅಂತರಗಳ ಜೋಡಿ ಸಿಕ್ಕಿತು, ಆಮೇಲೆ ಚುಕ್ಕಿಗಳೇ ಸೇರಿ ಬಾಗಿದ ಗೆರೆ: ಅಡ್ಡಾದಿಡ್ಡಿ ಬೀಳುವಂತೆ ಕಾಣುವ ಹನಿಗಳಲ್ಲೂ ಅಡಗಿದ ನಿಯಮ. ಮೈ ಜುಮ್ಮೆಂದಿತು!

1990ರಲ್ಲಿ ಬಾಹ್ಯಾಕಾಶ ವಿಜ್ಞಾನಿ ಡೇನಿಯಲ್ ಬೇಕರ್ ತಂಡ ಭೂಮಿಯ ಕಾಂತಗೋಳವನ್ನು, ಅಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ಸುತ್ತಲಿನ ಬಾಹ್ಯಾಕಾಶವನ್ನು, ಹೋಲಿಸಿದ್ದು ಇದೇ ತೊಟ್ಟಿಕ್ಕುವ ನಲ್ಲಿಗೆ. ನೀರೆಂದರೆ ಸೌರಮಾರುತದ, ಅಂದರೆ ಸೂರ್ಯನಿಂದ ಹೊಮ್ಮುವ ವಿದ್ಯುತ್ ಕಣಗಳ ಹರಿವಿನ, ಶಕ್ತಿ. ಹಿಗ್ಗುವ ಹನಿ, ಕಾಂತಗೋಳ ಭೂಮಿಯ ರಾತ್ರಿ ಬದಿಗೆ ಚಾಚಿದ ಕಾಂತಬಾಲ. ಕಳಚುವ ಹನಿ, ಬಾಲದಿಂದ ಸಿಡಿದುಹೋಗುವ ಪ್ಲಾಸ್ಮಾ (ವಿದ್ಯುತ್ ಕಣಗಳ ಅನಿಲ) ಗಂಟು. ಧ್ರುವಗಳ ಬಳಿ ಆಗಸದ ಬಣ್ಣದ ಬೆಳಕು ಅರೋರಾ ಭುಗಿಲೇಳುವುದು ಆಗಲೇ.

ಸೌರಮಾರುತ ಮಾತ್ರ ನಲ್ಲಿಯಂತೆ ಒಂದೇ ಸಮ ಹರಿಯದು. ಅರೋರಾ ವಲಯದ ಕಾಂತೀಯ ಏರಿಳಿತ ಅಳೆಯುವ ಎಇ ಸೂಚ್ಯಂಕದಿಂದ ಇಂಥ ಚುಕ್ಕಿ ಚಿತ್ರ ಬಿಡಿಸುವಾಗ ಸೌರಮಾರುತದ ಅಳತೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ.