ಮರಕ್ಕೆ ಅಗಸೆ ಎಣ್ಣೆ ಕುಡಿಸುವ ಬಗೆ

ಹೋದ ಯುಗಾದಿಗೆ ಇನ್ನು ನಾಲ್ಕು ದಿನ ಇದ್ದಾಗ ಗುಬ್ಬಿ ತಾಲ್ಲೂಕಿನ ನಮ್ಮ ಹಳೇ ಮನೆಯ ತೂಗುಮಣೆಗೆ ಅಗಸೆ ಎಣ್ಣೆ ಹಚ್ಚಿದೆ. ಹಚ್ಚಿದೆ ಅನ್ನುವುದಕ್ಕಿಂತ ಅಭ್ಯಂಜನ ಮಾಡಿಸಿದೆ ಅನ್ನಬೇಕು. ಮರ ಒಣಗಿ ಬಿಳಚಿಕೊಂಡಿತ್ತು, ಎಷ್ಟು ಎಣ್ಣೆ ಬಿದ್ದರೆ ಅಷ್ಟು ಒಳ್ಳೆಯದು ಎಂದುಕೊಂಡು ಬ್ರಷ್ಷಿನಲ್ಲಿ ದಪ್ಪಗೆ ಬಳಿದು ಬಿಟ್ಟುಬಿಟ್ಟೆ. ಹಬ್ಬದ ದಿನ ಒಬ್ಬಟ್ಟು ಉಂಡು ಅದರ ಮೇಲೆ ಕೂತ ಸೋದರಮಾವ ಏಳಲು ಹೋದರೆ, ಅವರು ಎದ್ದರು, ಪಂಚೆ ಏಳಲಿಲ್ಲ.

ಆ ಅಂಟನ್ನು ಬಿಡಿಸಲು ಬಂದ ಆಚಾರ್ರು ಟರ್ಪೆಂಟೈನಿನಲ್ಲಿ ಗೋಣಿಚೀಲದ ತುಂಡು ಅದ್ದಿ ಉಜ್ಜುತ್ತಾ ಹೇಳಿದ್ದು ಇಷ್ಟೇ: 'ಎಣ್ಣೆ ಹಚ್ಚೋದು ಎಲ್ರಿಗೂ ಬರ್ತದೆ ಸ್ವಾಮಿ, ಒರ್ಸೋದು ಯಾರಿಗೂ ಬರಲ್ಲ.' ಆಮೇಲೆ ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಮುಂಬಾಗಿಲಿಗೆ ಸರಿಯಾಗಿ ಎಣ್ಣೆ ಕುಡಿಸಿದೆ. ಈ ಲೇಖನ ಆ ಬಾಗಿಲಿನದು, ತೂಗುಮಣೆಯದಲ್ಲ.

ಈ ಎಣ್ಣೆಯೇ ಯಾಕೆ?

ಅಗಸೆ ಎಂದರೆ ಉತ್ತರ ಕರ್ನಾಟಕದವರಿಗೆ ರೊಟ್ಟಿ ಜೊತೆಯ ಚಟ್ನಿಪುಡಿ. ತುಮಕೂರು, ಕೋಲಾರದ ಕಡೆ ನಮಗೆ ಹತ್ತಿರದ ಎಣ್ಣೆಗಳೆಂದರೆ ಹೊಂಗೆ, ಹರಳು, ಕಡಲೆಕಾಯಿ, ಕೊಬ್ಬರಿ. ಹಬ್ಬಕ್ಕೆ ಮುಂಚೆ ಬಾಗಿಲಿಗೆ ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರುವ ಮನೆಗಳು ಈಗಲೂ ಇವೆ. ಎರಡು ದಿನ ಬಾಗಿಲು ಮಿರಿಮಿರಿ ಮಿಂಚುತ್ತದೆ, ಮೂರನೇ ದಿನದಿಂದ ಬೀದಿಯ ದೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಯಾಕೆಂದರೆ ಈ ಎಣ್ಣೆಗಳು ಒಣಗುವುದೇ ಇಲ್ಲ. ಹುಚ್ಚೆಳ್ಳೆಣ್ಣೆ ಸ್ವಲ್ಪ ಒಣಗುತ್ತದೆ, ಆದರೆ ಅಗಸೆಯಷ್ಟು ಗಟ್ಟಿಯಾಗುವುದಿಲ್ಲ.

ಅಗಸೆ ಎಣ್ಣೆ ಒಣಗುವ ರೀತಿಯೂ ಬೇರೆ. ಒದ್ದೆ ಬಟ್ಟೆಯ ನೀರು ಆವಿಯಾಗುವ ಹಾಗೆ ಇದು ಆರಿಹೋಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಎಣ್ಣೆ ಕ್ರಮೇಣ ಘನವಾಗುತ್ತದೆ. ಹಾಗಾಗಿ ಒಣಗಿದ ಮೇಲೆ ಅದರ ತೂಕ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಇದು ನೆನಪಿದ್ದರೆ ಮುಂದಿನದೆಲ್ಲ ಸುಲಭ. ಪದರ ತೆಳ್ಳಗಿದ್ದರೆ ಗಾಳಿ ಎಲ್ಲ ಕಡೆ ತಲುಪುತ್ತದೆ. ದಪ್ಪಗಿದ್ದರೆ ಮೇಲೆ ಹಾಲಿನ ಕೆನೆಯಂತೆ ಸಿಪ್ಪೆ ಕಟ್ಟಿ, ಕೆಳಗಿನದು ತಿಂಗಳಾದರೂ ಹಸಿಯಾಗಿಯೇ ಇರುತ್ತದೆ. ಮಾವನ ಪಂಚೆ ಸಿಕ್ಕಿಕೊಂಡಿದ್ದು ಅಲ್ಲಿ.

ಒಣಗಿ ಗಟ್ಟಿಯಾಗುವ ಈ ಗುಣವನ್ನೇ ನಂಬಿ 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ನೆಲಹಾಸು ತಯಾರಿಸಿದ. ಲಿನೋಲಿಯಂ ಎಂಬ ಅದರ ಹೆಸರಿನಲ್ಲೇ ಅಗಸೆಯೂ ಇದೆ, ಎಣ್ಣೆಯೂ ಇದೆ.

ಅಂಗಡಿಯಲ್ಲಿ ಏನು ಕೇಳಬೇಕು

ಹಾರ್ಡ್‌ವೇರ್ ಅಂಗಡಿಯಲ್ಲಿ ಅಗಸೆ ಎಣ್ಣೆ ಎಂದರೆ ಮುಖ ನೋಡುತ್ತಾರೆ. ಲಿನ್ಸೀಡ್ ಆಯಿಲ್ ಎನ್ನಿ. ಹಸಿ ಎಣ್ಣೆ ಮತ್ತು 'ಡಬಲ್ ಬಾಯಿಲ್ಡ್' ಎಂದು ಎರಡು ಬಗೆ. ಹಸಿಯದು ತೆಳ್ಳಗೆ ಹಚ್ಚಿದರೂ ಒಣಗಲು ಹಲವು ದಿನ, ಕೆಲವೊಮ್ಮೆ ವಾರಗಳು ಬೇಕು. ಬಾಯಿಲ್ಡ್ ಎಂದು ಬರುವುದಕ್ಕೆ ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸಿರುತ್ತಾರೆ, ಅದು ಒಂದೆರಡು ದಿನದಲ್ಲಿ ಒಣಗುತ್ತದೆ. ಬಾಗಿಲು, ಕಿಟಕಿ, ಮಂಚ, ಗುದ್ದಲಿ ಕಾವಿಗೆ ಅದೇ ಸರಿ. ಹಸಿಯದನ್ನು ತಂದು ಮನೆಯ ಒಲೆಯ ಮೇಲೆ ಕುದಿಸಿದರೆ ಡಬಲ್ ಬಾಯಿಲ್ಡ್ ಆಗುವುದಿಲ್ಲ. ಅಡುಗೆಮನೆಗೆ ಬೆಂಕಿ ಬೀಳಬಹುದು ಅಷ್ಟೆ.

ಚಪಾತಿ ಮಣೆ, ಲಟ್ಟಣಿಗೆ, ಮರದ ಸೌಟಿಗೆ ಮಾತ್ರ ಡಬ್ಬಿಯ ಎಣ್ಣೆ ಬೇಡ. ಗಾಣದಲ್ಲಿ ತೆಗೆದ, ತಿನ್ನುವ ಅಗಸೆ ಎಣ್ಣೆಯನ್ನೇ ತೆಳುವಾಗಿ ಸವರಿ, ಬಿಸಿಲಲ್ಲಿಟ್ಟು, ಎರಡು ಮೂರು ವಾರ ಕಾಯುವುದು ವಾಸಿ.

ಎಣ್ಣೆಯ ಮೇಲೆ ಅನುಮಾನವಿದ್ದರೆ ಗಾಜಿನ ಚೂರಿನ ಮೇಲೆ ಒಂದು ತೊಟ್ಟು ಹಾಕಿ, ಬೆರಳಲ್ಲಿ ತೆಳ್ಳಗೆ ಎಳೆದು ಬಿಡಿ. ಬಾಯಿಲ್ಡ್ ಎಣ್ಣೆಯಾದರೆ ಎರಡು ಮೂರು ದಿನದಲ್ಲಿ ಬೆರಳಿಗೆ ಅಂಟದಂತಾಗಬೇಕು. ವಾರವಾದರೂ ಜಿಡ್ಡು ಜಿಡ್ಡಾಗೇ ಇದ್ದರೆ ಅದು ನಿಮ್ಮ ಬಾಗಿಲಿನ ಮೇಲೂ ಹಾಗೇ ಇರುತ್ತದೆ.

ಉಳಿದ ಸಾಮಾನು: ಟರ್ಪೆಂಟೈನ್, 80, 120, 180 ನಂಬರಿನ ಉಪ್ಪುಕಾಗದ, ಮತ್ತು ಹಳೇ ಬನಿಯನ್ನು. ಬನಿಯನ್ನು ಮಾತ್ರ ಧಾರಾಳವಾಗಿರಲಿ.

ಮೊದಲು ಮರ, ಆಮೇಲೆ ಎಣ್ಣೆ

ನಮ್ಮದು ಹಲಸಿನ ಮರದ ಬಾಗಿಲು. ಚೇಳೂರಿನ ಹಲಸಿಗೆ ಹೆಸರಿರುವ ಸೀಮೆ, ಹಣ್ಣು ಬಿಡುವುದು ನಿಂತ ಮರ ಬಾಗಿಲಾಗುವುದು ಸಹಜವೇ. ಹಲಸು ಎಣ್ಣೆಯನ್ನು ಚೆನ್ನಾಗಿ ಕುಡಿಯುತ್ತದೆ, ಅರಿಶಿನ ಬಣ್ಣದಿಂದ ಜೇನಿನ ಬಣ್ಣಕ್ಕೆ ತಿರುಗುತ್ತದೆ. ತೇಗದಲ್ಲಿ ಅದರದೇ ಜಿಡ್ಡಿರುವುದರಿಂದ ಮೊದಲು ಟರ್ಪೆಂಟೈನಿನಲ್ಲಿ ಒರೆಸಿಕೊಳ್ಳಬೇಕು. ಬೀಟೆಯ ಮೇಲೆ ಅಗಸೆ ಎಣ್ಣೆ ಒಣಗಲು ತುಂಬಾ ಸತಾಯಿಸುತ್ತದೆ, ಅದಕ್ಕೆ ಬೇರೆ ಪಾಲಿಶ್ ನೋಡಿ.

ಬಾಗಿಲ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತರೆ ಹಳೇ ವಾರ್ನಿಷ್ ಇನ್ನೂ ಇದೆ ಎಂದರ್ಥ. ಅದನ್ನು ಪೂರ್ತಿ ಕೆರೆದು ತೆಗೆಯದೆ ಎಣ್ಣೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ನೀರು ಕೂಡಲೇ ಇಂಗಿ ಕಪ್ಪಾದರೆ ಮರ ಬಾಯಾರಿದೆ, ಶುರು ಮಾಡಬಹುದು. ಇನಾಮೆಲ್ ಪೇಂಟ್ ಬಳಿದ ಬಾಗಿಲಾದರೆ ಕೆರೆಯುವ ಕೂಲಿ ಲೆಕ್ಕ ಹಾಕಿ, ಮತ್ತೆ ಪೇಂಟೇ ಬಳಿಯುವುದು ಲೇಸು ಅನ್ನಿಸಬಹುದು.

ಉಪ್ಪುಕಾಗದವನ್ನು 80ರಿಂದ ಮೊದಲುಮಾಡಿ, 180ರವರೆಗೆ, ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಈಗ ಕಾಣದ ಗೀರುಗಳೆಲ್ಲ ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತವೆ. ದೂಳನ್ನು ಒಣಬಟ್ಟೆಯಲ್ಲಿ ಒರೆಸಿ. ತೊಳೆದಿದ್ದರೆ ವಾರ ಬಿಡಿ. ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಒಳ್ಳೇ ಕಾಲ ಫೆಬ್ರುವರಿಯಿಂದ ಏಪ್ರಿಲ್. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲೂ, ನಂದಿ ಬೆಟ್ಟದ ಸುತ್ತಿನ ಡಿಸೆಂಬರ್ ಮಂಜಿನಲ್ಲೂ ಎಣ್ಣೆ ಒಣಗದೆ ಕಾಡುತ್ತದೆ.

ಹಚ್ಚಿ, ಕಾದು, ಒರೆಸಿ

ಮೊದಲ ಸಲಕ್ಕೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ. ತೆಳುವಾದದ್ದು ಆಳಕ್ಕೆ ಇಳಿಯುತ್ತದೆ. ಬಟ್ಟೆಯಲ್ಲಿ ಅದ್ದಿ, ಎಳೆಯ ಉದ್ದಕ್ಕೂ ಮರ ಒದ್ದೆಯಾಗುವಷ್ಟು ಸವರಿ. ಹಲಗೆಯ ಮೇಲಂಚು, ಕೆಳಅಂಚು ಮರೆಯಬೇಡಿ. ಎಳೆಗಳ ಬಾಯಿ ತೆರೆದಿರುವುದು ಅಲ್ಲೇ, ನೀರು ನುಗ್ಗುವುದೂ ಅಲ್ಲಿಂದಲೇ. ಆಚಾರ್ರು ನಮ್ಮ ಬಾಗಿಲನ್ನು ತಿರುಗುಣಿಯಿಂದ ಎತ್ತಿ ಕೆಳಗಿಳಿಸಿದ್ದು ಆ ಕೆಳಅಂಚಿಗೋಸ್ಕರ. ಅದು ಮೂರು ಸಲ ಹಚ್ಚಿದರೂ ಹೀರಿಕೊಂಡಿತು.

ಇಪ್ಪತ್ತು ನಿಮಿಷ ಕಾಯಿರಿ. ಅಲ್ಲಲ್ಲಿ ಒಣಗಿದ ತೇಪೆ ಕಂಡರೆ ಅಲ್ಲಿಗೆ ಮಾತ್ರ ಇನ್ನೊಂದಿಷ್ಟು. ಆಮೇಲೆ ಒಣ ಬನಿಯನ್ ಬಟ್ಟೆ ತೆಗೆದುಕೊಂಡು, ಮರ ಕುಡಿಯದೆ ಬಿಟ್ಟ ಎಣ್ಣೆಯನ್ನೆಲ್ಲ ಒರೆಸಿ. ಹಚ್ಚಿದ್ದನ್ನೆಲ್ಲ ನಾನೇ ತೆಗೆಯುತ್ತಿದ್ದೇನಲ್ಲ ಎಂದು ಹೊಟ್ಟೆ ಉರಿಯಬೇಕು, ಅಷ್ಟು ಒರೆಸಬೇಕು. ಅಂಗೈ ಇಟ್ಟು ತೆಗೆದರೆ ಕೈಗೆ ಪಸೆ ಅಂಟಬಾರದು. ಕೆತ್ತನೆ ಇದ್ದರೆ ಸಂದಿಗಳಲ್ಲಿ ನಿಂತದ್ದನ್ನು ಒಣ ಬ್ರಷ್ಷಿನಲ್ಲಿ ಎಳೆದು ತೆಗೆಯಿರಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿದರೆ ಕೆಲವು ಕಡೆ ಎಣ್ಣೆ ಬೆವರಿನ ಹಾಗೆ ಮೇಲೆ ಬಂದಿರುತ್ತದೆ, ಅದನ್ನೂ ಒರೆಸಬೇಕು.

ಮರುದಿನವಲ್ಲ, ಅದರ ಮರುದಿನ ಎರಡನೇ ಸಲ. ಈಗ ಟರ್ಪೆಂಟೈನ್ ಕಾಲು ಭಾಗ ಸಾಕು. ಮೂರನೆಯದಕ್ಕೆ ಬರೀ ಎಣ್ಣೆ, ಅದೂ ಚಮಚದ ಲೆಕ್ಕದಲ್ಲಿ. ನಮ್ಮ ಎರಡು ಕದಗಳಿಗೆ ಅರ್ಧ ಲೀಟರ್ ಡಬ್ಬಿ ಖರ್ಚಾಗಿ ಮುಗಿಯಲಿಲ್ಲ.

ಇಂಗ್ಲಿಷ್ ಬಡಗಿಗಳಲ್ಲಿ ಹಳೆಯ ಲೆಕ್ಕವೊಂದಿದೆ: ಒಂದು ವಾರ ದಿನಕ್ಕೊಮ್ಮೆ, ಒಂದು ತಿಂಗಳು ವಾರಕ್ಕೊಮ್ಮೆ, ಒಂದು ವರ್ಷ ತಿಂಗಳಿಗೊಮ್ಮೆ, ಆಮೇಲೆ ಬದುಕಿರುವವರೆಗೆ ವರ್ಷಕ್ಕೊಮ್ಮೆ. ಆಚಾರ್ರಿಗೆ ಹೇಳಿದೆ. 'ಅವ್ರಿಗೆ ಬೇರೆ ಕೆಲ್ಸ ಇರ್ಲಿಲ್ವಾ?' ಅಂದರು. ಮೂರು ಸಲ ಹಚ್ಚಿ, ವರ್ಷಕ್ಕೊಮ್ಮೆ ಒಂದು ಕೈ ತೋರಿಸಿದರೆ ಮನೆಬಾಗಿಲಿಗೆ ಧಾರಾಳ.

ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ

ಉಳಿದದ್ದರಲ್ಲಿ ಏನು ತಪ್ಪಿದರೂ ಹೆಚ್ಚೆಂದರೆ ಪಂಚೆ ಹಾಳು. ಇಲ್ಲಿ ತಪ್ಪಿದರೆ ಮನೆಯೇ ಹೋಗುತ್ತದೆ. ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ಬಾಗಿಲ ಮೇಲೆ ಹರಡಿರುವಾಗ ಆ ಶಾಖ ಗಾಳಿಗೆ ಹೋಗುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗಿನ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಬಿಸಿಯಾದಷ್ಟೂ ಎಣ್ಣೆ ಇನ್ನೂ ಬೇಗ ಆಮ್ಲಜನಕ ಹೀರುತ್ತದೆ, ಇನ್ನೂ ಬಿಸಿಯಾಗುತ್ತದೆ. ಕಡ್ಡಿ ಗೀರದೆಯೇ, ಕೆಲವೇ ಗಂಟೆಗಳಲ್ಲಿ ಬಟ್ಟೆ ಹೊಗೆಯಾಡಿ ಹೊತ್ತಿಕೊಳ್ಳಬಹುದು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡವಿತ್ತು. 1991ರ ಫೆಬ್ರುವರಿ 23ರಂದು ಅದರ 22ನೇ ಮಹಡಿಯಲ್ಲಿ ಬೆಂಕಿ ಹುಟ್ಟಿದ್ದು, ಗೋಡೆಯ ಮರದ ಹಲಗೆಗಳಿಗೆ ಎಣ್ಣೆ ಹಚ್ಚಿದವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬೆಂಕಿ ಮೇಲೇರಿ, ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದ್ದ 30ನೇ ಮಹಡಿಯಲ್ಲಿ ನಿಂತಿತು.

ನಮ್ಮ ತೋಟದ ಮನೆಗಳಲ್ಲಂತೂ ಹಿತ್ತಿಲ ತುಂಬ ತೆಂಗಿನ ಮಟ್ಟೆ, ಸೋಗೆ, ನಾರು. ಅದರ ಮೇಲೆ ಈ ಬಟ್ಟೆ ಬಿಸಾಡುವುದೂ ಒಲೆಯ ಕೊಳ್ಳಿ ಬಿಸಾಡುವುದೂ ಒಂದೇ. ಕೆಲಸ ಮುಗಿದ ಕೂಡಲೇ, ಕೈ ತೊಳೆಯುವುದಕ್ಕೂ ಮುಂಚೆ, ಪ್ರತಿ ಬಟ್ಟೆಯನ್ನೂ ಬಿಡಿಸಿ ಬಯಲಿನ ತಂತಿಯ ಮೇಲೆ ಒಂದೊಂದಾಗಿ ಹರಡಿ. ಮಡಿಕೆ ಬೇಡ, ಒಂದರ ಮೇಲೊಂದು ಬೇಡ. ಒಣಗಿ ಅಟ್ಟೆಯಂತೆ ಸೆಟೆದುಕೊಂಡ ಮೇಲೆ ಎಸೆಯಬಹುದು. ಅಷ್ಟು ಜಾಗವಿಲ್ಲದ ಪೇಟೆಮನೆಯವರು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಎಣ್ಣೆ ಬಿದ್ದ ಮರದ ಹೊಟ್ಟಿಗೂ ಇದೇ ನಿಯಮ.

ಇದರಿಂದ ಆಗದ ಕೆಲಸ

ಗೆದ್ದಲಿಗೆ ಅಗಸೆ ಎಣ್ಣೆ ಮದ್ದಲ್ಲ. ಮಾವಿನ ಮರಕ್ಕೆ ಬೀಳುವ ಕುಟ್ಟೆಹುಳುವಿಗೂ ಅಲ್ಲ. ಅದಕ್ಕೆ ಬೇರೆ ಔಷಧಿ ಮೊದಲೇ ಹೊಡೆಸಬೇಕು. ಮಳೆ ನೇರ ಬಡಿಯುವ ಗೇಟು, ತೋಟದ ಬೆಂಚಿಗೂ ಇದು ಒಗ್ಗುವುದಿಲ್ಲ, ಬೂಷ್ಟು ಹಿಡಿದು ಕಪ್ಪು ಚುಕ್ಕೆ ಏಳುತ್ತದೆ. ಸೂರಿನ ನೆರಳಿರುವ ಬಾಗಿಲು, ಕಂಬ, ಕಿಟಕಿ, ಪೀಠೋಪಕರಣ, ಉಪಕರಣಗಳ ಕಾವು, ಇಷ್ಟಕ್ಕೆ ಸೈ.

ಹುಡುಗರ ಕ್ರಿಕೆಟ್ ಬ್ಯಾಟಿಗೂ ಇದೇ ಎಣ್ಣೆ, ಆದರೆ ಹಸಿಯದು. ಒಂದು ಟೀ ಚಮಚದಷ್ಟನ್ನು ಬ್ಯಾಟಿನ ಮುಖಕ್ಕೂ ಅಂಚಿಗೂ ಸವರಿ ರಾತ್ರಿಯಿಡೀ ಮಲಗಿಸಿಡಬೇಕು. ಹಿಡಿ ಬಂದು ಸೇರುವ ಬೆಸುಗೆಗೆ ತಾಗಿಸಬಾರದು. ಹೆಚ್ಚು ಕುಡಿಸಿದರೆ ಬ್ಯಾಟು ಭಾರವಾಗಿ ಹೊಡೆತ ಸತ್ತುಹೋಗುತ್ತದೆ.

ಹೊಸ್ತಿಲ ವಿಚಾರದಲ್ಲಿ ನಾನು ಸೋತೆ. ಪ್ರತಿ ಶುಕ್ರವಾರ ನೀರು ಹಾಕಿ ತೊಳೆದು, ಅರಿಶಿನ ಬಳಿದು, ರಂಗೋಲಿ ಎಳೆಯುವ ಜಾಗವದು. ಎಣ್ಣೆ ಒಣಗಲು ಎರಡು ಶುಕ್ರವಾರ ಬಿಡಿ ಎಂದು ಅಜ್ಜಿಯನ್ನು ಕೇಳಿದೆ. 'ಬಾಗ್ಲು ನಿಂದು, ಹೊಸ್ತ್ಲು ನಂದು' ಅಂದರು. ಬಿಟ್ಟೆ.

ಮಿಕ್ಕ ಎಣ್ಣೆಯನ್ನು ಅರ್ಧ ಖಾಲಿ ಡಬ್ಬಿಯಲ್ಲಿ ಹಾಗೇ ಇಟ್ಟರೆ ಒಳಗಿನ ಗಾಳಿಗೆ ಮೇಲೆ ಸಿಪ್ಪೆ ಕಟ್ಟುತ್ತದೆ. ತೊಳೆದು ಚೆನ್ನಾಗಿ ಒಣಗಿಸಿದ ಬೆಣಚುಕಲ್ಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಎಣ್ಣೆ ಬಾಯಿಯವರೆಗೆ ಏರಿದ ಮೇಲೆ ಮುಚ್ಚಳ ಬಿಗಿಯಿರಿ. ಬರುವ ಯುಗಾದಿಯ ಹೊತ್ತಿಗೆ ಎಣ್ಣೆ ತೆಳ್ಳಗೇ ಇರುತ್ತದೆ.